ಲೆಕ್ಕದಲ್ಲಿ ಉಳಿದಿದ್ದ ಬೆಟ್ಟ

ಲ್ಯಾಪ್‌ಟಾಪಿನಲ್ಲಿ ನಾನು ಲೆಕ್ಕ ಹಾಕಿದ ಗೆರೆ, ಯಂತ್ರ ಎಣಿಸಿದ ಗೆರೆ ಎರಡೂ ಒಂದರ ಮೇಲೊಂದು ಕೂರಬೇಕಿತ್ತು. ಕೂರಲಿಲ್ಲ.

ಗಾಳಿಬೀಡಿನ ಹತ್ತಿರ, ಬೆಟ್ಟದ ಬುಡದಲ್ಲಿರುವ ದೇವಕ್ಕನ ಮನೆಯ ಶೆಡ್ಡಿನಲ್ಲಿ ಮ್ಯೂಯಾನ್ ಎಣಿಸುವ ಯಂತ್ರವನ್ನು ಬೆಟ್ಟದ ಕಡೆ ಮುಖ ಮಾಡಿ ಇಟ್ಟು ಮೂರು ವಾರವಾಗಿತ್ತು. ಮ್ಯೂಯಾನ್ ಎಂದರೆ ಆಕಾಶದಿಂದ ಸದಾ ಸುರಿಯುವ, ಬಂಡೆಯನ್ನೂ ತೂರಿ ಬರುವ ಕಣ. ನಡುವೆ ಮಣ್ಣು ಹೆಚ್ಚಿದ್ದಷ್ಟೂ ಯಂತ್ರಕ್ಕೆ ತಲುಪುವುದು ಕಡಿಮೆ. ಈಗ ಬಂದದ್ದು ನನ್ನ ಲೆಕ್ಕಕ್ಕಿಂತ ಬಹಳ ಹೆಚ್ಚು. ಯಂತ್ರವನ್ನು ಎರಡು ಸಲ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಹಾಗಾದರೆ ಬೆಟ್ಟದ ಒಳಗೆ ಟೊಳ್ಳು. ಅದರ ಕೆಳಗೆ ಈ ಮನೆ, ಅಂಗಳದಲ್ಲಿ ಆಡುತ್ತಿರುವ ದೇವಕ್ಕನ ಮೊಮ್ಮಗಳು.

ಕಾಫಿ ತಂದ ದೇವಕ್ಕ ನನ್ನ ಮುಖ ನೋಡಿ ಏನಾಯ್ತೆಂದು ಕೇಳಿದರು. ಬೆಟ್ಟದಲ್ಲಿ ಮಣ್ಣು ಕಡಿಮೆ ಕಾಣುತ್ತಿದೆ ಎಂದೆ. ಪರದೆಯ ಮೇಲಿನ ಬೆಟ್ಟದ ಚಿತ್ರವನ್ನು ಅವರು ತುಸು ಹೊತ್ತು ನೋಡಿದರು.

"ಇದು ಹಳೇ ಬೆಟ್ಟ ಅಲ್ವಾ ಮೇಡಂ? ಈ ಕಡೆ ಮೈಯೆಲ್ಲ ಆ ದೊಡ್ಡ ಮಳೆಗೆ ಜಾರಿ ಬಂತಲ್ಲ. ನಿಮ್ಮ ಲೆಕ್ಕದಲ್ಲಿ ಇನ್ನೂ ಅಲ್ಲೇ ಉಂಟಾ?"

ನಾನು ಬಳಸಿದ್ದು ಭೂಕುಸಿತಕ್ಕೂ ಮುಂಚಿನ ನಕ್ಷೆ. ಜಾರಿದ ಗುರುತನ್ನು ಹಸಿರು ಮುಚ್ಚಿತ್ತು. ಇಲ್ಲದ ಮಣ್ಣನ್ನು ಲೆಕ್ಕಕ್ಕೆ ಹಿಡಿದಿದ್ದೆ, ಟೊಳ್ಳೇನೂ ಇರಲಿಲ್ಲ. ನೆಮ್ಮದಿಯಾಗಿ, ಆ ಮಣ್ಣೆಲ್ಲ ಎಲ್ಲಿ ಹೋಯಿತೆಂದು ಕೇಳಿದೆ.

"ಎಲ್ಲಿಗೂ ಹೋಗ್ಲಿಲ್ಲ. ನೀವು ಕೂತಿರೋದು ಅದರ ಮೇಲೇ. ನಮ್ಮ ಹಳೇ ಮನೆ ಅಡಿಯಲ್ಲುಂಟು."

ಹೊಸ ನಕ್ಷೆ ಹಾಕಿದ ಮೇಲೆ ಗೆರೆಗಳು ಕೂಡಿಕೊಂಡವು. ಆ ಶೆಡ್ಡಿನಲ್ಲಿ ಮಾತ್ರ ನಾನು ಈಗಲೂ ಕಾಲನ್ನು ಮೆಲ್ಲಗೆ ಊರುತ್ತೇನೆ.