ಬೈಗುಳ ತಿಂದು ಬಾಳಿದವನು

ಸೋಲು ಗೆಲುವು ಮೊದಲೇ ಗೊತ್ತುಮಾಡಿಕೊಂಡು ಆಡುವ ಕುಸ್ತಿಯ ಆಟದಲ್ಲಿ ಖಳನಾಗುವುದೆಂದರೆ ಸುಲಭದ ಕಸುಬಲ್ಲ. ಊರಿಗೆ ಊರೇ ಬೈಯಬೇಕು, ಬೈಯದಿದ್ದರೆ ಮಾಲೀಕ ಮನೆಗೆ ಕಳಿಸುತ್ತಾನೆ. ಕರಿಗೂಳಿ ಎಂದು ಹೆಸರಾದವನು ಈ ಕಸುಬಿನಲ್ಲೇ ತಲೆ ಬೋಳಾಗಿಸಿಕೊಂಡಿದ್ದ. ರೆಫರಿ ಅತ್ತ ತಿರುಗಿದರೆ ಸಾಕು, ಎದುರಾಳಿಯ ಕಣ್ಣಿಗೆ ಪುಡಿ ಎರಚುತ್ತಿದ್ದ, ಕುರ್ಚಿ ಎತ್ತಿ ಬೀಸುತ್ತಿದ್ದ, ಬಿದ್ದವನ ಬೆನ್ನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಎತ್ತಿ ಒಗೆಯುವಾಗ ಮಾತ್ರ ಪೆಟ್ಟಾಗದಂತೆ ಎದುರಾಳಿಯ ಕತ್ತಿನ ಕೆಳಗೆ ಮೆಲ್ಲಗೆ ಅಂಗೈ ಒಡ್ಡುತ್ತಿದ್ದ. ಅದು ಯಾರ ಕಣ್ಣಿಗಾದರೂ ಬಿದ್ದರೆ ಮಾನ ಹೋದಂತೆ. ಸಂತೆಯಲ್ಲಿ ತರಕಾರಿಯವಳು ಸಿಟ್ಟಿನಿಂದ ಅವನಿಗೆಂದೇ ಕೊಳೆತ ಟೊಮೇಟೊ ಆರಿಸಿ ಕೊಟ್ಟ ದಿನ ಬಿರುದು ಸಿಕ್ಕವನಂತೆ ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದ. "ಇವತ್ತು ಒಬ್ಬಳು ಅಜ್ಜಿ ಚಪ್ಪಲಿ ಎಸೆದ್ಳು ಕಣೇ!" ಎಂದರೆ ಹೆಂಡತಿ, "ಒಂದೇನಾ? ಜೊತೆ ಎಸೆದಿದ್ರೆ ನಾನಾದ್ರೂ ಹಾಕ್ಕೊಳ್ತಿದ್ದೆ," ಎನ್ನುತ್ತಿದ್ದಳು. ಆಟಕ್ಕೆ ಬಂದರೂ ಅವಳು ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವವಳು. ವಯಸ್ಸು ಐವತ್ತು ದಾಟಿದ ಮೇಲೆ ಒಂದು ಸಂಜೆ ಅವನ ಮಂಡಿ ನಿಜವಾಗಿಯೇ ಕೈಕೊಟ್ಟಿತು. ಬಿದ್ದವನು ಏಳಲಾರದೆ ಒದ್ದಾಡುವುದನ್ನು ಕಂಡು ಜನ ಅಯ್ಯೋ ಪಾಪ ಎಂದರು. ಯಾರೋ ಚಪ್ಪಾಳೆ ಶುರುಮಾಡಿಯೇ ಬಿಟ್ಟರು. ಕರಿಗೂಳಿಯ ಮುಖ ಬಿಳಿಚಿಕೊಂಡಿತು. ಮರುಕ ಹುಟ್ಟಿಸುವ ಖಳನಿಗೆ ನಾಳೆಯಿಂದ ಕೆಲಸವೆಲ್ಲಿ? ಆಗ ಹೆಂಡತಿ ಸೆರಗು ಸಿಕ್ಕಿಸಿ ಬೆಂಚಿನ ಮೇಲೆ ಹತ್ತಿ ನಿಂತಳು. "ನಾಟಕ ಕಣ್ರೋ, ನಂಬಬೇಡಿ! ಏಯ್ ಕಟುಕ, ನಿನ್ನನ್ನ ಕಟ್ಕೊಂಡೋಳು ಅದ್ಯಾವ ಪಾಪ ಮಾಡಿದ್ಳೋ!" ಚಪ್ಪಾಳೆ ನಿಂತಿತು. ಒಬ್ಬ ಥೂ ಎಂದ, ಆಮೇಲೆ ಇಡೀ ಸಭೆಯೇ ಬೈಯತೊಡಗಿತು. ಕರಿಗೂಳಿ ಕಣ್ಣೊರೆಸಿಕೊಂಡು, ತೆವಳಿಕೊಂಡೇ ಹೋಗಿ ಎದುರಾಳಿಯ ಕಾಲು ಕಚ್ಚಿದ.