ತೊಳೆದಿಟ್ಟ ಕೀಲಿಮಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ನಾಲ್ಕು ತಾಲ್ಲೂಕುಗಳ ಸುದ್ದಿಯನ್ನು ಪತ್ರಿಕೆಗೆ ಕಳಿಸುವುದು ನನ್ನ ಕೆಲಸ. ಮನೆ ಇರುವುದು ಸಿಂದಗಿಯಲ್ಲಿ. ಎಲ್ಲಿಂದ ಬಂದರೂ ಬಸ್ಸಿಳಿದು ಮೊದಲು ಹೋಗುವುದು ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಲಗ್ನಪತ್ರಿಕೆಯ ಅಂಗಡಿಗೆ. ಅಲ್ಲಿ ಒಂದು ಕಂಪ್ಯೂಟರ್ ಇದೆ. ನನ್ನ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೂ ಅದಕ್ಕೆ ಇಂಟರ್ನೆಟ್ ಇಲ್ಲ, ಸುದ್ದಿ ಹೋಗುವುದು ಅಂಗಡಿಯ ಕಂಪ್ಯೂಟರಿನಿಂದಲೇ. ಅದರ ಮುಂದೆ ಅಂಗಡಿಯವರ ಸೊಸೆ ಕೂತಿರುತ್ತಿದ್ದಳು. ನಾನು ಅತ್ತಿತ್ತ ಅಡ್ಡಾಡುತ್ತ ಸುದ್ದಿ ಹೇಳುತ್ತಿದ್ದೆ, ಆಕೆ ಟೈಪು ಮಾಡುತ್ತಿದ್ದಳು. ನನ್ನ ವಾಕ್ಯ ಮುಗಿಯುವುದಕ್ಕೆ ಮುಂಚೆಯೇ ಆಕೆಯ ಬೆರಳು ಪೂರ್ಣವಿರಾಮಕ್ಕೆ ಕಾಯುತ್ತಿರುತ್ತಿತ್ತು.

"ಸರ, ನಿನ್ನೆನೂ ಇದ ವಾಕ್ಯ ಹೇಳಿದ್ರಿ. ಊರಿನ ಹೆಸರಷ್ಟ ಬದಲಿ ಆಗೇತಿ ನೋಡ್ರಿ," ಎಂದು ಒಮ್ಮೊಮ್ಮೆ ಚುಚ್ಚುತ್ತಲೂ ಇದ್ದಳು.

ಆಕೆಯ ಗಂಡ ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ಮಾಸ್ತರ. ಅಲ್ಲೊಂದು ಖೋಲಿ ಹಿಡಿದಿದ್ದ. ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುವವನು. ಬಾಗೇವಾಡಿಯಲ್ಲಿ ತನಗೂ ಒಂದು ಕೆಲಸ ಸಿಕ್ಕರೆ ಇಬ್ಬರೂ ಒಂದೇ ಮನೆಯಲ್ಲಿ ಇರಬಹುದು ಎಂಬುದು ಆಕೆಯ ಆಸೆ. ಅದನ್ನು ಆಕೆ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಆಕೆ ಇರಲಿಲ್ಲ. ತವರು ಮುದ್ದೇಬಿಹಾಳಕ್ಕೆ ಹೋಗಿದ್ದಳು. ಅಂಗಡಿಯವರು ಮುಂದಿನ ಕಟ್ಟೆಯ ಮೇಲೆ ಲಗ್ನಪತ್ರಿಕೆಗಳ ಅಂಚು ಕತ್ತರಿಸುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತೇನೆ. "ನೀವ ಹೊಡಕೋರಿ, ಮಷೀನ್ ಚಾಲೂ ಐತಿ," ಎಂದರು.

ಕನ್ನೊಳ್ಳಿಯ ಗುಡಿಗೆ ಹೊಸ ಕಳಸ ಬಂದ ಸುದ್ದಿ ಅದು. ಹಳೆಯ ರೂಢಿಯಂತೆ ಕೀಲಿಮಣೆ ನೋಡದೆ, ಪರದೆಯ ಮೇಲೆ ಕಣ್ಣಿಟ್ಟು ಹೊಡೆದೆ. 'ಕಳಸ' ಎಂದು ಹೊಡೆದರೆ 'ರಶಲ' ಎಂದು ಬಂತು. ಅಳಿಸಿ ಮತ್ತೆ ಹೊಡೆದೆ. ಮತ್ತೆ ರಶಲ.

ಇಂಥ ತೊಂದರೆ ಬಂದಾಗ ಮಾಡುವುದನ್ನೆಲ್ಲ ಕ್ರಮವಾಗಿ ಮಾಡಿದೆ. ಕ್ಯಾಪ್ಸ್ ಲಾಕ್ ನೋಡಿದೆ, ಆರಿತ್ತು. ಫಾಂಟ್ ಬದಲಿಸಿದೆ, ಅದೇ ರಶಲ ದಪ್ಪಗಾಗಿ ಕಂಡಿತು. ಪರದೆಯ ಮೂಲೆಯಲ್ಲಿ ಭಾಷೆ ಆರಿಸುವ ಪಟ್ಟಿ ತೆರೆದು ಕನ್ನಡ ತೆಗೆದು ಇಂಗ್ಲಿಷ್ ಹಾಕಿದೆ. ಇಂಗ್ಲಿಷೂ ಅಡ್ಡಾದಿಡ್ಡಿ ಬಂತು. ಕೀಲಿಮಣೆಯ ವಯರು ಕಿತ್ತು ಬೇರೆ ತೂತಿಗೆ ಸಿಕ್ಕಿಸಿದೆ. ಕೊನೆಗೆ, ಏನೂ ತೋಚದವರು ಮಾಡುವಂತೆ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ.

"ಕಾಕಾರ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದೈತಿ."

"ವೈರಸ್ ಅಲ್ಲ, ಏನಲ್ಲ. ಕೀಲಿ ನೋಡಿ ಹೊಡೀರಿ ಅಂದ್ರ ಬರತೈತಿ," ಎಂದರು ಕತ್ತರಿ ಬಿಡದೆ.

ಆಗ ತಲೆ ಬಗ್ಗಿಸಿ ನೋಡಿದೆ. ವರ್ಷಗಟ್ಟಲೆ ಆ ಅಂಗಡಿಯಲ್ಲಿ ಕೂತೆದ್ದರೂ ನಾನು ಆ ಕೀಲಿಮಣೆಯನ್ನು ನೋಡಿರಲೇ ಇಲ್ಲ. ಮೇಲಿನ ಸಾಲಿನಲ್ಲಿ ಎ, ಬಿ, ಸಿ, ಡಿ. ಅದರ ಕೆಳಗೆ ಕೆ, ಎಲ್, ಎಮ್. ಒಂದನೇ ಇಯತ್ತೆಯ ಪಾಟಿಯ ಮೇಲೆ ಬರೆದ ಹಾಗೆ ಝಡ್‌ವರೆಗೆ ಸಾಲಾಗಿ.

ಕಾಕಾ ನಕ್ಕು ಕತೆ ಹೇಳಿದರು. ಅವರು ಮೂಲತಃ ಅಕ್ಷರದ ಮೊಳೆ ಜೋಡಿಸುವ ಅಚ್ಚುಕೂಟದವರು. ಆ ಕಾಲದಲ್ಲಿ ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಎಲ್ಲ ಸೀಸದ ಮೊಳೆಗಳನ್ನು ತೆಗೆದು ತೊಳೆದು, ಒಣಗಿಸಿ, ವಿಭೂತಿ ಹಚ್ಚಿ ಮತ್ತೆ ಪೆಟ್ಟಿಗೆಯಲ್ಲಿ ಆಯಾ ಅಕ್ಷರದ ಮನೆಗೆ ಇಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲಿನ ಒಂದು ದಸರೆಯಲ್ಲಿ ಕೀಲಿಮಣೆಗೂ ಅದೇ ಮರ್ಯಾದೆ ಮಾಡಿದರು. ಕೀಲಿಗಳನ್ನು ಒಂದೊಂದಾಗಿ ಎಬ್ಬಿಸಿ, ಸೀಗೆಕಾಯಿ ನೀರಲ್ಲಿ ತೊಳೆದು ಮಾಳಿಗೆಯ ಮೇಲೆ ಒಣಹಾಕಿದರು. ತಿರುಗಿ ಕೂಡಿಸುವಾಗ ಯಾವುದು ಎಲ್ಲಿತ್ತೆಂದು ನೆನಪಿಲ್ಲ.

"ಎ ಆದ ಮ್ಯಾಲೆ ಬಿ ಬರಬೇಕಲ್ರಿ? ಹಂಗ ಕೂಡಿಸಿದೆ. ಮದಲ ಇದ್ದದ್ದೇ ಹಾದಿ ತಪ್ಪಿದ್ದು. ಸಡಿಲ ಆಗಬಾರದಂತ ಬುಡಕ ಗಮ್ಮೂ ಹಾಕಿದೆ."

"ಹಂಗಾರ ಎ ಒತ್ತಿದ್ರ ಎ ಬರಲಿಲ್ಲೇನು?"

"ಎಲ್ಲಿ ಬರತೈತ್ರಿ! ಮೊಳಿ ಎಲ್ಲಿಟ್ರ ಅಕ್ಷರ ಅಲ್ಲಿ ಅಂತ ನಾ ತಿಳಕೊಂಡಿದ್ದೆ. ಆಮ್ಯಾಲೆ ಇಂಡಿಯಿಂದ ರಿಪೇರಿಯಂವನ್ನ ಕರಸಿದೆ. ಅಂವ ನಕ್ಕ ನಕ್ಕ, ಮಷೀನಿಗೇ ಹೊಸ ಪಾಠ ಕಲಿಸಿ ಹೋದ."

ಅಂದರೆ, ಗಮ್ಮಿನಿಂದ ಅಂಟಿದ ಕೀಲಿಗಳನ್ನು ಕೀಳುವ ಬದಲು ಆತ ಕೀಲಿಗಳ ಹೊಸ ಸಾಲಿಗೆ ತಕ್ಕಂತೆ ಕಂಪ್ಯೂಟರಿನೊಳಗಿನ ವಿನ್ಯಾಸವನ್ನೇ ತಿದ್ದಿದ್ದ. ಅಂದಿನಿಂದ ಆ ಅಂಗಡಿಯಲ್ಲಿ ಎ ಒತ್ತಿದರೆ ಎ ಬರುತ್ತದೆ. ಕೆಲಸ ಸಾಗಿತು, ಎಲ್ಲರೂ ಮರೆತರು. ನಾನೂ ಕೀಲಿ ನೋಡುತ್ತ, ಕೋಳಿ ಕಾಳು ಹೆಕ್ಕಿದಂತೆ ಸುದ್ದಿ ಹೊಡೆದು ಕಳಿಸಿದೆ.

ಎರಡು ದಿನದ ಮೇಲೆ ಸೊಸೆ ಊರಿಂದ ಬಂದಳು, ಮುಖ ತುಂಬ ನಗು. ಬಾಗೇವಾಡಿಯ ಒಂದು ಸಹಕಾರಿ ಸಂಘಕ್ಕೆ ಕನ್ನಡ ಟೈಪು ಮಾಡುವವರು ಬೇಕಾಗಿದ್ದರು. ಅರ್ಜಿ ಹಾಕಿದ್ದಳು, ಪರೀಕ್ಷೆಗೆ ಕರೆ ಬಂದಿತ್ತು.

"ವೇಗ ಅಷ್ಟ ನೋಡತಾರಂತ ಸರ. ಅದರಾಗ ಏನ್ ಅಂಜಿಕಿ ಇಲ್ಲ ನನಗ," ಎಂದಳು.

ನನಗೆ ಕಾಕಾ ಹೇಳಿದ ಕತೆ ನೆನಪಾಯಿತು. "ತಂಗಿ, ನೀ ಟೈಪಿಂಗ್ ಎಲ್ಲಿ ಕಲತಿ?"

"ಇಲ್ಲೇರಿ. ಮದಿವಿ ಆಗಿ ಬಂದ ಮ್ಯಾಲೆ, ಇದ ಮಷೀನ್ ಮ್ಯಾಲೆ."

"ಮೊಬೈಲಿನ್ಯಾಗ ಅಕ್ಷರ ಬ್ಯಾರೆ ಕಡೆ ಇರತಾವಲ್ಲ?"

"ಮೊಬೈಲಂದು ಹೆಬ್ಬೆರಳಿನ ಕೆಲಸರಿ. ಮೊಬೈಲ್ ಹಂಗ, ಕಂಪ್ಯೂಟರ್ ಹಿಂಗ ಅಂತ ಮಾಡಿದ್ದೆ."

ಚೀಲದಿಂದ ನನ್ನ ಲ್ಯಾಪ್‌ಟಾಪ್ ತೆಗೆದು ಮುಂದಿಟ್ಟೆ. 'ಬಸವನ' ಎಂದು ಹೊಡೆ ಎಂದೆ. ಆಕೆಯ ಬೆರಳು ಎಂದಿನ ಓಟದಲ್ಲೇ ಓಡಿತು. ಪರದೆಯ ಮೇಲೆ 'ಡಲಚ್' ಎಂದು ಮೂಡಿತು. ಆಕೆ ನನ್ನನ್ನು ನೋಡಿದಳು. ಮತ್ತೆ ಹೊಡೆದಳು. ಡಲಚ್. ನಗು ಇಳಿದುಹೋಯಿತು.

ಕಾಕಾ ಕತ್ತರಿ ಕೆಳಗಿಟ್ಟು ಎದ್ದು ಬಂದರು. "ಅದಕೇನಾತು? ನಮ್ಮ ಕೀಲಿಮಣಿ ಚೀಲದಾಗ ಹಾಕ್ಕೊಂಡು ಹೋಗು. ಅಲ್ಲಿ ಸಿಗಿಸಿ ಹೊಡಿ."

ಕೀಲಿಮಣೆಯನ್ನು ನನ್ನ ಲ್ಯಾಪ್‌ಟಾಪಿಗೆ ಸಿಗಿಸಿ ತೋರಿಸಿದೆವು. ಆಕೆ ಹೊಡೆದಳು, ಡಲಚ್ ಬಂತು. ಕೀಲಿಯ ಮೇಲಿನ ಅಕ್ಷರ ಬರೀ ಹಣೆಬೊಟ್ಟು, ಕಂಪ್ಯೂಟರಿಗೆ ಗೊತ್ತಾಗುವುದು ಯಾವ ಜಾಗದ ಕೀಲಿ ಒತ್ತಿದರು ಎಂಬುದಷ್ಟೇ ಎಂದು ಹೇಳಿದೆ. ಜೀವಮಾನವಿಡೀ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಜೋಡಿಸಿದ್ದ ಕಾಕಾ ಕೀಲಿಮಣೆಯನ್ನು ಮಗುಚಿ ನೋಡಿದರು. "ಅಂದ್ರ ಮೊಳಿಗೆ ಬೆಲಿನ ಇಲ್ಲಂದಂಗಾತು," ಎಂದರು.

ಇಂಡಿಯ ರಿಪೇರಿಯವನಿಗೆ ಫೋನ್ ಹಚ್ಚಿದೆವು. ಆ ವಿನ್ಯಾಸವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಯಾವ ಕಂಪ್ಯೂಟರಿಗೂ ಹಾಕಬಹುದು ಎಂದು ಆತ ಹುರುಪಿನಿಂದ ಹೇಳಿದ. ಕಾಕಾ ಅವರ ಮುಖ ಅರಳಿತು. ಸೊಸೆ ಬೇಡವೆಂದು ತಲೆಯಾಡಿಸಿದಳು.

"ಪರೀಕ್ಷೆಕ ಹಾಕಿದ್ರ ಮುಗೀತೇನ್ರಿ ಮಾವಾರ? ನಾಳೆ ಕೆಲಸಕ್ಕ ಹೋದ್ರ ಆ ಮಷೀನಿಗೆ ಮತ್ತೊಬ್ರು ಕೂಡತಾರ. ಅವರಿಗೂ ನಮ್ಮನಿ ಖಂಡೇಪೂಜಿ ಕತಿ ಹೇಳ್ಕೊಂತ ಕೂಡ್ಲೇನು?"

ಕಾಕಾ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮುನಿಸಿಕೊಂಡರು ಎಂದುಕೊಂಡೆ. ಸಂಜೆಗೆ ಹೊಸ ಕೀಲಿಮಣೆಯ ಡಬ್ಬಿ ಹಿಡಿದು ಬಂದರು. ಸೊಸೆ ಹೋದರೆ ಅಂಗಡಿಯಲ್ಲಿ ಟೈಪು ಮಾಡುವವರು ಯಾರೂ ಇರುವುದಿಲ್ಲ ಎಂದು ಗೊತ್ತಿದ್ದೂ ತಂದಿದ್ದರು.

ನಾನು ಕಂಪ್ಯೂಟರಿನ ಮೊದಲಿನ ವಿನ್ಯಾಸವನ್ನು ಮತ್ತೆ ಜೋಡಿಸಿದೆ. ಅಲ್ಲಿಂದ ಶುರುವಾಯಿತು ಆಕೆಯ ಮರೆಯುವ ಅಭ್ಯಾಸ. ಕಲಿಯುವುದಕ್ಕಿಂತ ಅದು ಕಷ್ಟದ್ದು. ಕೀಲಿ ನೋಡಿ ಹೊಡೆದರೆ ವೇಗ ಬರುವುದಿಲ್ಲ, ನೋಡದಿದ್ದರೆ ಕೈ ಹಳೆಯ ಹಾದಿ ಹಿಡಿಯುತ್ತದೆ. ಆಕೆ ಲಗ್ನಪತ್ರಿಕೆಗೆ ಹಚ್ಚುವ ಬಂಗಾರಬಣ್ಣದ ಚೀಟಿಗಳನ್ನು ಎಲ್ಲ ಕೀಲಿಗಳ ಮೇಲೂ ಅಂಟಿಸಿ ಅಕ್ಷರ ಮುಚ್ಚಿಬಿಟ್ಟಳು. ಎರಡು ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೀರು ಇರುತ್ತದೆ, ತೋರುಬೆರಳುಗಳ ಮನೆ ಅದು ಎಂದು ನಾನು ತೋರಿಸಿದೆ. ಹಳೆಯ ಕೀಲಿಮಣೆಯಲ್ಲಿ ಆ ಗೀರಿನ ಕೀಲಿಗಳು ಮೇಲಿನ ಸಾಲಿಗೆ ವಲಸೆ ಹೋಗಿದ್ದವು. "ಅವು ಯಾಕ ಅದಾವಂತ ನನಗ ಗೊತ್ತ ಇರಲಿಲ್ರಿ. ಒಡದಾವಂತ ಮಾಡಿದ್ದೆ," ಎಂದಳು.

ಆ ದಿನಗಳಲ್ಲಿ ನನ್ನ ಸುದ್ದಿಗಳು ತಡವಾಗಿ ಹೋದವು. ಯಂಕಂಚಿಯ ಒಬ್ಬರ ಲಗ್ನಪತ್ರಿಕೆಯ ಕರಡಿನಲ್ಲಿ ವರನ ಹೆಸರು ಓದಿ ವರನ ಸೋದರಮಾವ ಗಾಬರಿಯಾದರು. "ಇಂವ ಯಾಂವ್ರಿ? ನಮ್ಮ ಹುಡುಗ ಎಲ್ಲಿ ಹ್ವಾದ?" ಎಂದು ಕೇಳಿದರು. ಕಾಕಾ ಚಹಾ ತರಿಸಿ ಅವರನ್ನು ಕೂರಿಸಿದರು.

ಪರೀಕ್ಷೆಯ ದಿನ ನನಗೂ ಬಾಗೇವಾಡಿಯಲ್ಲಿ ಕೆಲಸವಿತ್ತು. ಒಂದೇ ಬಸ್ಸಿನಲ್ಲಿ ಹೋದೆವು. ದೇವರ ಹಿಪ್ಪರಗಿ ದಾಟುವವರೆಗೂ ಆಕೆಯ ಬೆರಳುಗಳು ತೊಡೆಯ ಮೇಲಿನ ಚೀಲವನ್ನು ಕುಟ್ಟುತ್ತಲೇ ಇದ್ದವು. ಸಂಘದ ಬಾಗಿಲಲ್ಲಿ ಗಂಡ ಕಾಯುತ್ತಿದ್ದ. ಪರೀಕ್ಷೆಯ ಕೋಣೆಯಲ್ಲಿ ನಾನಿರಲಿಲ್ಲ. ಮುಂದಿನದು ಆಕೆ ಹೊರಗೆ ಬಂದು ಹೇಳಿದ್ದು.

ಅಲ್ಲಿನ ಕೀಲಿಮಣೆಗಳು ಹಳೆಯವು. ತಿಕ್ಕಿ ತಿಕ್ಕಿ ಅರ್ಧಕ್ಕರ್ಧ ಅಕ್ಷರಗಳೇ ಅಳಿಸಿದ್ದವು. ಪಕ್ಕದಲ್ಲಿ ಕೂತವನೊಬ್ಬ ಕೈ ಎತ್ತಿ, "ಸರ, ಅಕ್ಷರ ಕಾಣವಲ್ಲವು," ಎಂದ. "ನಾಳೆ ಕೆಲಸ ಮಾಡೋದು ಇವುರ ಮ್ಯಾಲೆನ. ಕಾಣೋರಿಗೇ ಕೊಡತೀವಿ," ಎಂದರಂತೆ ಮ್ಯಾನೇಜರ್. ಗಂಟೆ ಹೊಡೆಯಿತು. ಗಾಬರಿಯಲ್ಲಿ ಈಕೆಯ ಕೈ ಹಳೆಯ ಹಾದಿಗೆ ಬಿತ್ತು. ಮೊದಲ ಶಬ್ದವೇ ಡಲಚ್.

"ಕೈ ಎರಡೂ ಎತ್ತಿ ಬಿಟ್ಟೆ ಸರ. ಮತ್ತ ಆ ಗೀರು ತಡವಿ ನೋಡಿದೆ. ಅಕ್ಷರ ಅಳಿಸಿದ್ರೂ ಗೀರು ಇದ್ದುವು. ಬೆರಳು ಅಲ್ಲಿಟ್ಟೆ. ಮುಂದ ಕೆಳಗ ನೋಡಲಿಲ್ಲ."

"ಎಷ್ಟಾತು?" ಎಂದು ಗಂಡ ಕೇಳಿದ.

"ಮುಗೀತು. ಇನ್ನೂ ಟೈಮ್ ಇತ್ತು," ಎಂದಳು.

ಕೆಲಸ ಆಕೆಗೇ ಆಯಿತು. ಸುದ್ದಿ ಬಂದ ದಿನ ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ಆಕೆ ಬಾಗೇವಾಡಿಗೆ ಹೋದ ಮೇಲೆ ಅಂಗಡಿಯ ಕಂಪ್ಯೂಟರಿಗೆ ಕಾಕಾ ತಾವೇ ಕೂತರು. ಎ ಆದ ಮೇಲೆ ಬಿ ಇಲ್ಲದ ಕೀಲಿಮಣೆ ಅವರಿಗೆ ಒಗ್ಗಲಿಲ್ಲ. ಈಗ ಅಲ್ಲಿ ಎರಡು ಕೀಲಿಮಣೆಗಳಿವೆ, ಎರಡು ವಿನ್ಯಾಸಗಳಿವೆ. ಕಾಕಾ ಎದ್ದರೆ ನಾನು ಮೂಲೆಯ ಪಟ್ಟಿಯಲ್ಲಿ ವಿನ್ಯಾಸ ಬದಲಿಸಿ ಕೂರುತ್ತೇನೆ. ಬದಲಿಸಲು ಮರೆತ ದಿನ ರಶಲ.

ದಸರೆಗೆ ಗಂಡಹೆಂಡತಿ ಇಬ್ಬರೂ ಬಂದಿದ್ದರು. ಖಂಡೇಪೂಜೆಯ ಬೆಳಿಗ್ಗೆ ನಾನು ಒಂದು ಸುದ್ದಿ ಅರ್ಧ ಹೊಡೆದು ಬಿಟ್ಟಿದ್ದೆ. ಕಾಕಾ ನೀರಿನ ಬಕೆಟ್ಟಿನ ಕಡೆ ನೋಡುವಷ್ಟರಲ್ಲಿ ಸೊಸೆ ಹೊಸ ಕೀಲಿಮಣೆಯನ್ನು ಎದೆಗವಚಿಕೊಂಡಳು.

"ಮಾವಾರ, ಇದನ್ನ ಬಿಚ್ಚಾಕ ಬಿಡೂದಿಲ್ಲ. ಮ್ಯಾಲೆ ಮ್ಯಾಲೆ ಪೂಜಿ ಮಾಡ್ರಿ."

"ಆತು ಯವ್ವಾ, ಮುಟ್ಟೂದಿಲ್ಲ," ಎಂದ ಕಾಕಾ ಆಕೆ ಕೆಳಗಿಟ್ಟ ಕೀಲಿಮಣೆಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಒಡೆದ ಕಾಯಿಯ ಹೋಳೊಂದನ್ನು ಅದರ ಮೇಲೆಯೇ ಇಟ್ಟು ಆರತಿ ಎತ್ತಿದರು. ಹೋಳು ಕೂತದ್ದು ಕೆಳಗಿನ ಉದ್ದನೆಯ ಕೀಲಿಯ ಮೇಲೆ. ಪರದೆಯ ಮೇಲೆ ನನ್ನ ಸುದ್ದಿಯ ನಡುವೆ ಖಾಲಿ ಜಾಗ ಬೆಳೆಯುತ್ತ ಹೋಗಿ, ಕೊನೆಯ ವಾಕ್ಯ ಪುಟದಿಂದ ಕೆಳಗಿಳಿಯಿತು. ಆರತಿ ಮುಗಿಯುವವರೆಗೆ ನಾನೂ ಕೈ ಮುಗಿದು ನಿಂತಿದ್ದೆ.