ನಯಾಜ್ ಸಾಹೇಬರ ಧ್ವನಿ ಇದ್ದ ಫೈಲು

ಕೋವಿಡ್ ಹಾವಳಿ ಇಳಿದ ಮಾರನೆಯ ವರ್ಷ. ಪಾಂಡವಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಕೆಟ್ಟ ಹಾರ್ಡ್ ಡಿಸ್ಕ್‌ಗಳಿಂದ ಫೈಲುಗಳನ್ನು ಹೊರತೆಗೆದುಕೊಡುವುದೇ ಹೆಚ್ಚಿನ ಕೆಲಸ. ಒಂದು ಮಧ್ಯಾಹ್ನ ಶ್ರೀರಂಗಪಟ್ಟಣದಿಂದ ಮೂವರು ಬಂದರು: ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದ ನಯಾಜ್ ಸಾಹೇಬರು, ಅವರ ಪತ್ನಿ ಶಾಹಿದಾ, ಆಕೆಯ ತಮ್ಮ ಇಮ್ರಾನ್.

ನಯಾಜ್ ಅವರು ಕೆ.ಆರ್. ಪೇಟೆ, ನಾಗಮಂಗಲದ ಸಂತೆಗಳಲ್ಲಿ ಕೂಗಿ ಕೂಗಿ ಬಟ್ಟೆ ಮಾರಿದವರು. ಕ್ಯಾನ್ಸರ್ ಬಂದು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮಗಳು ಆಗ ಗರ್ಭಿಣಿ. ಹುಟ್ಟಲಿರುವ ಕೂಸಿಗೆ ತಾತನ ದನಿ ಕೇಳಿಸಲೆಂದು ಆಪರೇಷನ್ನಿಗೆ ಮುಂಚೆ, ಹುಟ್ಟಿದ ಮಗುವಿನ ಕಿವಿಯಲ್ಲಿ ಹೇಳುವ ಅಜಾನ್ ಹೇಳಿ, ನಾಲ್ಕು ಮಾತಾಡಿ ರೆಕಾರ್ಡ್ ಮಾಡಿಸಿದ್ದರು. ಆ ಮೊಬೈಲು ಆಮೇಲೆ ಕಳೆದುಹೋಯಿತು. ಇಮ್ರಾನನ ಲ್ಯಾಪ್‌ಟಾಪಿನಲ್ಲಿದ್ದದ್ದು ಒಂದೇ ಪ್ರತಿ.

"ಕ್ಲಿಕ್ ಮಾಡ್ದೆ ಸಾರ್, ನೋಟ್‌ಪ್ಯಾಡಲ್ಲಿ ತೆರ್ಕೊಬುಡ್ತು. ಬರೀ ಗೀಟು, ಚುಕ್ಕಿ. ನನ್ ಕನ್ನಡ ಫೈಲೂ ಒಂದ್ಸಲ ಇಂಗೇ ಕಾಣ್ತಿತ್ತು. ಯೂಟಿಎಫ್-8 ಮಾಡುದ್ರೆ ಸರೋಯ್ತದೆ ಅಂತ ಸೇವ್ ಮಾಡ್ಬುಟ್ಟೆ. ಈಗ ಆಡ್ತಾನೇ ಇಲ್ಲ," ಎಂದ ಇಮ್ರಾನ್, ತಲೆ ಎತ್ತದೆ.

"ಮಗಳ್ಗೆ ಎರಿಗೆ ಇವತ್ತೋ ನಾಳೆಯೋ ಅನ್ನಂಗದೆ ಅಣ್ಣಾ. ಏನಾರಾ ಮಾಡಿ," ಎಂದು ಶಾಹಿದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಪಠ್ಯದ ಫೈಲಿನಲ್ಲಿ ಇರುವುದು ಅಕ್ಷರಗಳನ್ನು ಸೂಚಿಸುವ ಅಂಕಿಗಳು. ಧ್ವನಿಯ ಫೈಲಿನಲ್ಲಿ ಇರುವುದು ದನಿಯನ್ನು ಸೂಚಿಸುವ ಅಂಕಿಗಳು. ಅಕ್ಷರ ಬರೆಯಲಷ್ಟೇ ಇರುವ ನೋಟ್‌ಪ್ಯಾಡಿಗೆ ಈ ಭೇದ ತಿಳಿಯದು. ಪ್ರತಿ ಅಂಕಿಯನ್ನೂ ಅಕ್ಷರವೆಂದೇ ಓದುತ್ತದೆ. ಓದಿದ್ದರಿಂದ ಹಾನಿಯಿಲ್ಲ, ಸೇವ್ ಮಾಡಿದರೆ ಕೆಟ್ಟಿತು. ಎಲ್ಲ ಭಾಷೆಯ ಅಕ್ಷರಗಳನ್ನೂ ಅಂಕಿಯಾಗಿ ಬರೆದಿಡುವ ಯೂಟಿಎಫ್-8 ಪದ್ಧತಿಯಲ್ಲಿ 127ಕ್ಕಿಂತ ದೊಡ್ಡ ಒಂದೊಂದು ಅಂಕಿಯೂ ಎರಡು ಮೂರು ಅಂಕಿಗಳಾಗಿ ಒಡೆದುಕೊಳ್ಳುತ್ತದೆ. ಸಾಲದ್ದಕ್ಕೆ ಇಮ್ರಾನನ ಲ್ಯಾಪ್‌ಟಾಪಿನ ಹಳೆಯ ನೋಟ್‌ಪ್ಯಾಡ್ ಸೊನ್ನೆಗಳನ್ನೆಲ್ಲ ಖಾಲಿ ಜಾಗ ಮಾಡಿಟ್ಟಿತ್ತು. ಒಡೆದದ್ದನ್ನು ಮತ್ತೆ ಕೂಡಿಸಬಹುದು. ಆದರೆ ಯಾವ ಖಾಲಿ ಜಾಗ ಮೊದಲು ಸೊನ್ನೆಯಾಗಿತ್ತು ಎಂದು ಯಾರು ಹೇಳಬೇಕು?

ಫೈಲಿನ ಪ್ರತಿ ತೆಗೆದುಕೊಂಡು ಕೂತೆ. ಮೊದಲ ಸಲ ಹಿಂದಕ್ಕೆ ಪರಿವರ್ತಿಸಿದಾಗ ಸದ್ದೇ ಇಲ್ಲ. ಬೇರೆ ಎನ್‌ಕೋಡಿಂಗ್, ಅಂದರೆ ಅಕ್ಷರವನ್ನು ಅಂಕಿಯಾಗಿಸುವ ಇನ್ನೊಂದು ಪದ್ಧತಿ ಹಿಡಿದೆ, ಬರೀ ಕರಕರ. ನಯಾಜ್ ನನ್ನ ಭುಜ ಹಿಡಿದು ಅಲುಗಿಸಿದರು. ಏನೋ ಹೇಳಲು ಬಾಯಿ ತೆರೆದರೆ ಕತ್ತಿನ ರಂಧ್ರದಿಂದ ಉಸಿರಷ್ಟೇ ಹೊರಟಿತು. ಆ ಮುಖ ನೋಡಲಾರದೆ ಮತ್ತೆ ಪರದೆಯತ್ತ ತಿರುಗಿದೆ. ಫೈಲಿನ ಆರಂಭದಲ್ಲಿ ದನಿಗೂ ಮುಂಚೆ ಇದ್ದ ಹಾಳಾದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಆಡಿಸಿದೆ.

"ಅಲ್ಲಾಹು ಅಕ್ಬರ್..." ಸಂತೆಯ ಆ ದೊಡ್ಡ ಗಂಟಲು ಅಂಗಡಿ ತುಂಬಿತು. ಇಮ್ರಾನ್ ಗೋಡೆಗೊರಗಿ ಅತ್ತುಬಿಟ್ಟ. ನಡುನಡುವೆ ದನಿ ತುಂಡಾಗುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿತ್ತು. ಕೊನೆಯಲ್ಲಿ, "ಗಂಡಾಗ್ಲಿ ಹೆಣ್ಣಾಗ್ಲಿ, ನಿನ್ ಹೆಸರು..." ಅಷ್ಟೇ. ಮುಂದೆ ಬರೀ ಕರಕರ. ಎಷ್ಟು ಸಲ ಪ್ರಯತ್ನಿಸಿದರೂ ಆ ತುಣುಕು ಬರಲಿಲ್ಲ.

ನಯಾಜ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಶಾಹಿದಾ ಗಂಡನ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು.

"ಬುಡಿ, ಅಳ್ಬ್ಯಾಡಿ. ನೀವಿಟ್ಟ ಎಸ್ರು ನಂಗೊತ್ತು. ನೂರ್ ಅಂತ ಮಗೀನ ಕಿವೀಲಿ ನಾನೇ ಏಳ್ತೀನಿ."

ಅಂದಿನಿಂದ ಯಾರು ಯಾವ ಫೈಲು ತಂದರೂ ಅದರ ಪ್ರತಿ ತೆಗೆಯದೆ ಮುಟ್ಟಬೇಡಿ ಎನ್ನುತ್ತೇನೆ. ಅರ್ಥವಾಗದ್ದನ್ನು ತೆರೆದು ನೋಡಬಹುದು, ಸೇವ್ ಮಾಡಬಾರದು. ಯಂತ್ರ ಕಳೆದುಹಾಕಿದ್ದರಲ್ಲಿ ನಾನು ತಂದುಕೊಡಬಲ್ಲದ್ದು ಸ್ವಲ್ಪ. ಉಳಿದದ್ದನ್ನು ಮನುಷ್ಯರೇ ಹೇಳಿಕೊಳ್ಳಬೇಕು.